ಹಳದಿ ನಳಿಕೆಯ ಬೇಸಿಗೆ

ಗಂಗಾವತಿ ಇನ್ನೂ ಮೂರು ಮೈಲು ಇದೆ ಎನ್ನುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಭತ್ತ ಕುದಿಸುವ ವಾಸನೆ. ರೈಸ್ ಮಿಲ್ಲುಗಳ ಸಾಲು ಶುರುವಾಗುವ ಮೊದಲೇ ಅವುಗಳ ಹಬೆ ರಸ್ತೆಗೆ ಇಳಿದಿರುತ್ತದೆ. ಊರಿನವರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಹೊರಗಿನಿಂದ ಬಂದವರು ಅನ್ನದ ವಾಸನೆ, ಎಷ್ಟು ಚಂದ ಎನ್ನುತ್ತಾರೆ. ನನಗೆ ಮಾತ್ರ ಅದು ತಡೆಯಲಾಗದು. ಸಹೋದ್ಯೋಗಿಯೊಬ್ಬಳ ತಂಗಿಯ ಮದುವೆಗೆಂದು ಹೊರಟವಳು ರೇಷ್ಮೆ ಸೆರಗನ್ನು ಮೂಗಿಗೆ ಹಿಡಿದು ಕೂತೆ. ಪಕ್ಕದ ಹೆಂಗಸು ನನಗೆ ವಾಂತಿ ಬಂತೆಂದು ಹೆದರಿ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಅಲ್ಲಿ ವಾಸನೆ ಇನ್ನೂ ಜಾಸ್ತಿ.

ಎಂಟು ವರ್ಷದ ಹಿಂದಿನ ಒಂದು ಬೇಸಿಗೆಯನ್ನು ನಾನು ಆ ವಾಸನೆಯೊಳಗೇ ಕಳೆದಿದ್ದೆ. ಎಡದಂಡೆ ಕಾಲುವೆಯ ನೀರಿನಲ್ಲಿ ಎರಡನೇ ಬೆಳೆ ಬಂದಿತ್ತು. ಹಗಲೆಲ್ಲ ಭತ್ತದ ಟ್ರ್ಯಾಕ್ಟರು, ಲಾರಿ. ಅರ್ಧ ರಸ್ತೆಗೆ ಭತ್ತ ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆ ಊರ ಹೊರಗೆ, ಎರಡು ಮಿಲ್ಲುಗಳ ನಡುವೆ ಇತ್ತು. ಅದರ ಹೆಸರು ಬೇಡ. ಆ ಬೋರ್ಡು ಈಗ ಇಲ್ಲ, ಕಟ್ಟಡ ಬೇರೆಯವರ ಕೈಗೆ ಹೋಗಿದೆ.

ನನ್ನದು ಅರಿವಳಿಕೆ ತಂತ್ರಜ್ಞೆಯ ಕೆಲಸ. ಅಂದರೆ ಆಪರೇಶನ್ನಿನಲ್ಲಿ ರೋಗಿಯ ತಲೆಯ ಕಡೆ ನಿಲ್ಲುವವಳು. ಎದೆಯ ಕಡೆ ಸರ್ಜನ್, ತಲೆಯ ಕಡೆ ಅರಿವಳಿಕೆಯ ಮೇಡಂ ಮತ್ತು ನಾನು, ನಡುವೆ ಹಸಿರು ಬಟ್ಟೆಯ ಪರದೆ. ಪರದೆಯ ಆಚೆ ಹೃದಯ ತೆರೆದಿಟ್ಟಿರುತ್ತಾರೆ. ಮೂರು ವರ್ಷ ಹೃದಯದ ಆಪರೇಶನ್ನಿನಲ್ಲಿ ನಿಂತರೂ ಹೃದಯವನ್ನು ನಾನು ಕಣ್ಣಾರೆ ಕಂಡದ್ದು ಕಡಿಮೆ. ಮಾನಿಟರಿನ ಮೇಲೆ ಓಡುವ ಅದರ ಗೆರೆಗಳನ್ನು ನೋಡಿದ್ದೇ ಹೆಚ್ಚು.

ಆ ಥಿಯೇಟರಿಗೆ ಕಿಟಕಿ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಒಳಹೊಕ್ಕರೆ ಫೋನು, ಬಳೆ, ಚಪ್ಪಲಿ ಎಲ್ಲ ಹೊರಗೆ. ಒಳಗೆ ಹಲ್ಲು ಕಟಕಟಿಸುವ ಎ.ಸಿ., ಹೊರಗೆ ಡಾಂಬರು ಕಾಲಿಗೆ ಅಂಟುವ ಬಿಸಿಲು. ಮಲಗುವುದು ಆಸ್ಪತ್ರೆಯ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ. ಕೆಲಸಕ್ಕೆ ಸೇರುವಾಗ ಮೂರು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಅದಕ್ಕೆ ಒತ್ತೆಯಾಗಿ ನನ್ನ ಎಸ್ಸೆಸ್ಸೆಲ್ಸಿ ಮತ್ತು ಡಿಪ್ಲೊಮಾದ ಮೂಲ ಅಂಕಪಟ್ಟಿಗಳು ಆಡಳಿತಾಧಿಕಾರಿಯ ಕಬ್ಬಿಣದ ಕಪಾಟಿನಲ್ಲಿದ್ದವು. ಆ ಮನುಷ್ಯ ಎಂದೂ ಸಿಟ್ಟು ಮಾಡುತ್ತಿರಲಿಲ್ಲ, ಅದೇ ತೊಂದರೆ. ಕೇಳಿದಾಗಲೆಲ್ಲ ನಗುನಗುತ್ತ, ಎಲ್ಲಿಗೆ ಹೋಗುತ್ತವೆ ನಿಮ್ಮ ಕಾಗದ, ನಮ್ಮ ಕಡೆ ಭದ್ರವಾಗಿವೆ ಎನ್ನುತ್ತಿದ್ದರು. ನಮ್ಮಪ್ಪ ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಜವಾನ. ಡ್ಯಾಮಿನ ಕಾಲೊನಿಯಲ್ಲಿ ಬೆಳೆದವಳು ನಾನು. ಗೇಟು ಮುಚ್ಚಿದ ನೀರಿನಂತಾಯಿತು ನನ್ನ ಬಾಳು ಎಂದು ಆಗ ಡೈರಿಯಲ್ಲಿ ಬರೆದುಕೊಂಡಿದ್ದೆ. ಈಗ ಓದಿದರೆ ನನಗೇ ನಗು ಬರುತ್ತದೆ. ಬರೆಯುವಾಗ ಮಾತ್ರ ಅತ್ತಿದ್ದೆ.

ಆ ಬೇಸಿಗೆಯಲ್ಲಿ ನನ್ನ ಮೂರು ವರ್ಷ ಒಂದು ಸೋಮವಾರಕ್ಕೆ ಮುಗಿಯುವುದಿತ್ತು. ಅದೇ ವಾರದ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊಪ್ಪಳದಲ್ಲಿ ಸರ್ಕಾರಿ ಹುದ್ದೆಗಾಗಿ ಮೂಲ ದಾಖಲೆ ಹಿಡಿದು ಹಾಜರಾಗಬೇಕಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ಅಪ್ಪ ಆಫೀಸಿಗೆಲ್ಲ ಪೇಢೆ ಹಂಚಿದ್ದ. ಸೋಮವಾರ ಕಾಗದ ಸಿಗುತ್ತವೆಯೇ ಎಂದು ಆಡಳಿತಾಧಿಕಾರಿಯನ್ನು ಕೇಳಿದೆ. ಅಲ್ಲಿಯವರೆಗೆ ನಿಮ್ಮ ಮೇಲೆ ಯಾವ ದೂರೂ ಬರದಿದ್ದರೆ ಖಂಡಿತ ಎಂದರು. ದೂರು ಬಂದರೆ ವಿಚಾರಣೆ, ವಿಚಾರಣೆ ಮುಗಿಯುವವರೆಗೆ ಕಾಗದ ಕಪಾಟಿನಲ್ಲೇ. ಇದನ್ನೂ ನಗುತ್ತಲೇ ಹೇಳಿದರು.

ಈಗ ಹಳದಿ ನಳಿಕೆಯ ಮಾತು ಹೇಳಬೇಕು. ಹೃದಯದ ಕೆಲವು ಆಪರೇಶನ್ನಿಗೆ ಮೊದಲು ಕುತ್ತಿಗೆಯ ಬಲಗಡೆಯ ರಕ್ತನಾಳದಿಂದ ಒಂದು ಉದ್ದ ಕ್ಯಾಥೆಟರ್ ಇಳಿಸುತ್ತಾರೆ. ಬೆಂಕಿಕಡ್ಡಿಯಷ್ಟು ದಪ್ಪ, ಬಣ್ಣ ಹಳದಿ. ಅದು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ಕಡೆಗೆ ಹೋಗುವ ನಾಳದಲ್ಲಿ ನಿಲ್ಲಬೇಕು. ಅಲ್ಲಿಯ ಒತ್ತಡವನ್ನು ಆಪರೇಶನ್ ಮುಗಿಯುವವರೆಗೆ, ಮುಗಿದ ಮೇಲೂ ಒಂದೆರಡು ದಿನ, ಅದು ನಮಗೆ ಹೇಳುತ್ತಿರುತ್ತದೆ. ತುದಿ ಎಲ್ಲಿಗೆ ಮುಟ್ಟಿತು ಎಂದು ಕಣ್ಣಿಗೆ ಕಾಣದು. ಮೇಡಂ ನಳಿಕೆ ತಳ್ಳುತ್ತಿದ್ದರೆ ನಾನು ಮಾನಿಟರಿನ ಅಲೆ ನೋಡಿ ಕೂಗಬೇಕು. ಅಲೆ ಸಣ್ಣದಿದ್ದರೆ ಹೃದಯದ ಮೇಲಿನ ಕೋಣೆ, ಎತ್ತರಕ್ಕೆ ನೆಗೆದರೆ ಕೆಳಗಿನ ಕೋಣೆ, ಎತ್ತರದಲ್ಲೇ ಉಳಿದು ಬುಡ ಮೇಲೇರಿದರೆ ಮುಟ್ಟಬೇಕಾದಲ್ಲಿ ಮುಟ್ಟಿತು. ನನಗೆ ಆ ಕೆಲಸ ಇಷ್ಟವಾಗಿತ್ತು. ಕೈದಿಗೂ ಒಂದು ಇಷ್ಟದ ಕೆಲಸ ಇರುತ್ತದೆಯಲ್ಲ.

ಇನ್ನೊಂದು ಪರೀಕ್ಷೆ ಕೊನೆಗೆ. ಆಪರೇಶನ್ ಮುಗಿಸಿ ಹೃದಯದ ಗೋಡೆಯನ್ನು ಹೊಲಿಯುವಾಗ ಸೂಜಿ ಒಮ್ಮೊಮ್ಮೆ ಒಳಗಿರುವ ನಳಿಕೆಯನ್ನೂ ಸೇರಿಸಿ ಹಿಡಿದುಬಿಡುತ್ತದೆ. ಅದು ತಿಳಿಯದೆ ಎದೆ ಮುಚ್ಚಿದರೆ, ಮುಂದೆ ಐಸಿಯುನಲ್ಲಿ ಯಾರೋ ನಳಿಕೆ ಎಳೆದಾಗ ಹೊಲಿಗೆಯೊಂದಿಗೆ ಗೋಡೆಯೇ ಹರಿಯಬಹುದು. ಅದಕ್ಕೇ ಎದೆ ಮುಚ್ಚುವ ಮೊದಲು ನಳಿಕೆಯನ್ನು ಎರಡು ಬೆರಳಷ್ಟು ಎಳೆದು ನೋಡಬೇಕು. ಎಳೆಯುವವಳಿಗೆ ಹೃದಯ ಕಾಣುವುದಿಲ್ಲ, ಹೃದಯ ಕಾಣುವವರಿಗೆ ಎಳೆತ ತಿಳಿಯುವುದಿಲ್ಲ. ಹಾಗಾಗಿ ನಾನು ಎಳೆಯಬೇಕು, ಅದೇ ಗಳಿಗೆಯಲ್ಲಿ ಸರ್ಜನ್ ಗೋಡೆ ಎಲ್ಲಾದರೂ ಒಳಗೆ ಜಗ್ಗಿತೇ ಎಂದು ನೋಡಬೇಕು. ನಿಯಮದಂತೆ ಎಳೆಯುವುದು ಮೇಡಂ ಕೆಲಸ. ನಮ್ಮಲ್ಲಿ ಅದು ಬರಬರುತ್ತ ನನ್ನ ಕೆಲಸವಾಗಿತ್ತು, ನೋಡುವುದು ಬರಬರುತ್ತ ಕೇಳುವುದಾಗಿತ್ತು. ಸರ್ಜನ್ ಪರದೆಯ ಆಚೆಯಿಂದ "ಬಂತೇನು?" ಎನ್ನುವರು. ನಾನು "ಬಂತ್ರಿ ಸರ್" ಎನ್ನುವೆ. ಎದೆಯ ಮೂಳೆಗೆ ತಂತಿ ಬಿಗಿಯುವರು.

ನನ್ನ ಕೊನೆಯ ವಾರಕ್ಕೆ ಒಂದು ತಿಂಗಳು ಮೊದಲು ಒಮ್ಮೆ ನಾನು, ನಳಿಕೆ ಬರಲಿಲ್ಲ ಎಂದಿದ್ದೆ. ಸರ್ಜನ್ ಕಟ್ಟಿದ ಹೊಲಿಗೆ ಬಿಚ್ಚಿದರು, ರಕ್ತ ಬಂತು, ಅರ್ಧ ತಾಸು ಎಲ್ಲರೂ ಬೆವತರು. ಕೊನೆಗೆ ನೋಡಿದರೆ ನಳಿಕೆ ಕುತ್ತಿಗೆಯೊಳಗೆ ಹೋಗುವ ಬಾಯಿಯಲ್ಲಿ ನಳಿಕೆಯನ್ನು ಬೀಗದಂತೆ ಬಿಗಿಹಿಡಿಯುವ, ತಿರುಗಿಸುವ ಒಂದು ಮುಚ್ಚಳವಿರುತ್ತದೆ, ಅದನ್ನು ಸಡಿಲು ಮಾಡಲು ನಾನೇ ಮರೆತಿದ್ದೆ. ಹೊಲಿಗೆ ಸರಿಯಾಗಿಯೇ ಇತ್ತು. ಸರ್ಜನ್ ಬೈದದ್ದು ಅಂದಿಗೇ ಮುಗಿಯಿತು, ನಗುವುದು ಮುಗಿಯಲಿಲ್ಲ. ವಾರ್ಡ್ ಬಾಯ್‌ನಿಂದ ಹಿಡಿದು ಎಲ್ಲರೂ ನನ್ನನ್ನು ಬೀಗದ ರೇಣುಕಾ ಎಂದು ಕರೆಯತೊಡಗಿದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯಲು ಕೂತರೂ, ಬೀಗ ತೆಗೆದು ಕುಡಿಯಿರಿ ಎಂಬ ಚೇಷ್ಟೆ. ನಾನೂ ನಕ್ಕಂತೆ ಮಾಡುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ನನ್ನ ಕೊನೆಯ ಶುಕ್ರವಾರದ ರೋಗಿ ಇರಕಲ್ಲಗಡದ ಶಂಕ್ರಮ್ಮ. ಐವತ್ತರ ಹತ್ತಿರದ ಹೆಂಗಸು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರ ರವಿಕೆ, ಲಂಗ ಹೊಲಿಯುತ್ತಿದ್ದವಳು. ಹೃದಯದ ಒಂದು ಕವಾಟ ಕಿರಿದಾಗಿ ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು, ಅದನ್ನು ಬದಲಿಸಬೇಕಿತ್ತು. ಹಿಂದಿನ ದಿನ ಸಂಜೆ ಧೈರ್ಯ ಹೇಳಲು ಹೋದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ತೋಳು ಯಾರು ಹೊಲಿದರು, ಒಂದು ಮೇಲೆ ಒಂದು ಕೆಳಗೆ ಇದೆ ಎಂದಳು. ನಾಳೆ ಎದೆ ತೆರೆಸಿಕೊಳ್ಳುವ ಹೆಂಗಸು ನನ್ನ ಅಂಗಿಯ ಹೊಲಿಗೆ ತಪ್ಪು ಹಿಡಿಯುತ್ತಿದ್ದಾಳೆ. ನನಗೆ ಅವಳು ಅಲ್ಲೇ ಹಿಡಿಸಿಬಿಟ್ಟಳು.

ಯಾವ ಯಾವ ನಳಿಕೆ ಎಲ್ಲಿ ಹಾಕುತ್ತೇವೆ ಎಂದು ಹೇಳುತ್ತ ಹಳದಿ ನಳಿಕೆಯ ಮಾತಿಗೆ ಬಂದೆ. ಇಲ್ಲಿ ಕುತ್ತಿಗೆಯಲ್ಲಿ ಹೊಕ್ಕು ಹೃದಯದೊಳಗೆ ಹಾದುಹೋಗುತ್ತದೆ, ಎರಡು ದಿನ ಬಿಟ್ಟು ಎಳೆದು ತೆಗೆಯುತ್ತೇವೆ ಎಂದೆ.

"ಲಂಗಕ್ಕ ಲಾಡಿ ಹಾಕಿದಂಗ ಅನ್ನು" ಎಂದಳು ಶಂಕ್ರಮ್ಮ.

ಹೌದು ಎಂದೆ. ಲಾಡಿ ಹಾಕಲು ತಾನು ಪಿನ್ನು ಬಳಸುತ್ತೇನೆ, ನೀವು ಏನು ಬಳಸುತ್ತೀರಿ ಎಂದು ಕೇಳಿದಳು. ರಕ್ತವೇ ಅದನ್ನು ಒಯ್ಯುತ್ತದೆ, ತುದಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗಾಳಿಬುಗ್ಗೆ ಇರುತ್ತದೆ ಎಂದೆ. ಅವಳಿಗೆ ಅದು ಬಹಳ ಸೇರಿತು. ಅಲ್ಲೇ ಕೂತಿದ್ದ ತಂಗಿಯನ್ನು ಕರೆದು ಇನ್ನೊಮ್ಮೆ ಹೇಳಿಸಿದಳು.

ಶುಕ್ರವಾರ ನಳಿಕೆ ಒಂದೇ ಸಲಕ್ಕೆ ಮುಟ್ಟಬೇಕಾದಲ್ಲಿ ಮುಟ್ಟಿತು. ಕವಾಟವೂ ಸರಿಯಾಗಿ ಕೂತಿತು. ತೊಂದರೆ ಬಂದದ್ದು ಅಲ್ಲಿಯವರೆಗೆ ರಕ್ತ ಹರಿಸುತ್ತಿದ್ದ ಯಂತ್ರದಿಂದ ಹೃದಯವನ್ನು ಬಿಡಿಸಿ ಅದರ ಪಾಡಿಗೆ ಬಿಡುವಾಗ. ಒತ್ತಡ ಇಳಿಯಿತು. ಮೇಡಂ ಔಷಧಿಯ ಪಂಪುಗಳ ಕಡೆ ತಿರುಗಿದವರು ಕತ್ತು ಎತ್ತಲಿಲ್ಲ. ವಾರಕ್ಕೆ ಎರಡು ದಿನ ಹುಬ್ಬಳ್ಳಿಯಿಂದ ಬರುತ್ತಿದ್ದ ನಮ್ಮ ಸರ್ಜನ್‌ಗೆ ಆ ಸಂಜೆ ಅಲ್ಲಿ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಅವರ ಕಣ್ಣು ಗೋಡೆಯ ಗಡಿಯಾರಕ್ಕೂ ಸೂಜಿಗೂ ಓಡಾಡುತ್ತಿತ್ತು. ಹೊಲಿಗೆ ಕಟ್ಟಿ, ತಂತಿ ಕೇಳಿ, "ಬಂತೇನು?" ಎಂದರು.

ಎಳೆದೆ. ಒಂದು ಬೆರಳು ಬಂತು. ಬಿಟ್ಟೆ. ರಬ್ಬರಿನಂತೆ ವಾಪಸ್ಸು ಹೋಯಿತು.

ಮೊದಲು ಮುಚ್ಚಳ ನೋಡಿದೆ. ಸಡಿಲೇ ಇತ್ತು. ಇನ್ನೊಮ್ಮೆ ಎಳೆದೆ. ಅಷ್ಟೇ ಬಂತು, ಅಷ್ಟೇ ಹೋಯಿತು. ನಳಿಕೆಯ ಮೇಲೆ ಅಳತೆಗೆಂದು ಕಪ್ಪು ಗೆರೆಗಳಿರುತ್ತವೆ. ಹೊರಗೆ ಬರಬೇಕಾದ ಗೆರೆ ಬಾಯಿಯಲ್ಲಿ ಇಣುಕಿ ಒಳಗೆ ಹೋಗಿಬಿಟ್ಟಿತು. ನನ್ನ ಬಾಯಿಂದ ಸರ್ ಎಂದು ಹೊರಟಿತು.

"ಯಾಕ, ಮತ್ತ ಬೀಗ ಹಾಕೀಯೇನು?" ಎಂದರು ಸರ್ಜನ್. ಅವರು ಹೃದಯ ನೋಡುತ್ತಿರಲಿಲ್ಲ, ಸಿಸ್ಟರ್ ಕೊಡುತ್ತಿದ್ದ ತಂತಿಯನ್ನು ನೋಡುತ್ತಿದ್ದರು. ಪರದೆಯ ಆಚೆ ಯಾರೋ ಕಿಸಕ್ಕೆಂದರು.

"ಇಲ್ರಿ. ಬಂತ್ರಿ ಸರ್" ಎಂದೆ.

ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ನನ್ನ ತಲೆಯಲ್ಲಿ ಸೋಮವಾರ, ಬುಧವಾರ, ಕಪಾಟು, ಕ್ಯಾಂಟೀನಿನ ನಗು ಎಲ್ಲ ಹಾದುಹೋಗಿದ್ದವು. ಶಂಕ್ರಮ್ಮ ಮಾತ್ರ ಹಾದುಹೋಗಲಿಲ್ಲ. ಅವಳ ತಲೆ ನನ್ನ ಎರಡು ಕೈಗಳ ನಡುವೆಯೇ ಇತ್ತು.

ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಐಸಿಯುಗೆ ಇಳಿದೆ. ಹಾಸಿಗೆಯ ಹತ್ತಿರವೇ ಎಕ್ಸ್‌ರೇ ಯಂತ್ರ ತಂದು ಎದೆಯ ಚಿತ್ರ ತೆಗೆದಿದ್ದರು. ಆ ಚಿತ್ರದಲ್ಲಿ ಏನಾದರೂ ಸೊಟ್ಟ ಕಾಣಲಿ ಎಂದು ಬೇಡಿಕೊಂಡೆ. ನಳಿಕೆ ಒಂದು ಕಡೆ ಮುರಿದಂತೆ, ಜಗ್ಗಿದಂತೆ ಕಂಡರೆ ಮೇಡಂ ತಾವೇ ಹಿಡಿಯುತ್ತಾರೆ, ನಾನು ಬಾಯಿ ಬಿಡುವುದು ತಪ್ಪುತ್ತದೆ. ಮೇಡಂ ಚಿತ್ರವನ್ನು ಬೆಳಕಿಗೆ ಹಿಡಿದರು. ಎಲ್ಲ ಜಾಗದಲ್ಲಿದೆ ಎಂದರು. ಅವರು ಹೇಳಿದ್ದು ಸರಿಯೇ. ನಳಿಕೆ ಎಲ್ಲಿದೆ ಎಂದು ಚಿತ್ರ ಹೇಳುತ್ತದೆ. ಅದನ್ನು ಕಟ್ಟಿಹಾಕಿದ್ದಾರೆಯೇ ಎಂದು ಹೇಳುವುದಿಲ್ಲ. ಅದು ಗೊತ್ತಿದ್ದದ್ದು ಎಳೆದ ಎರಡು ಬೆರಳಿಗೆ ಮಾತ್ರ, ಆ ಬೆರಳು ನನ್ನವು.

ಅವತ್ತಿನ ಹಗಲು ಹೇಗೆ ಕಳೆಯಿತೋ. ತಗಡಿನ ಕೋಣೆಯಲ್ಲಿ ಕೂತರೆ ಮಿಲ್ಲಿನ ಹಬೆ, ಕೆಳಗಿಳಿದರೆ ಶಂಕ್ರಮ್ಮನ ತಂಗಿ. ಆ ತಂಗಿ ನನ್ನನ್ನು ಹಿಡಿದು ನಿಲ್ಲಿಸಿ ಬುತ್ತಿ ಬಿಚ್ಚಿ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಆಪರೇಶನ್ನಿನ ಹಿಂದಿನ ರಾತ್ರಿ ಅಕ್ಕ ನಿಮ್ಮ ಮಾತೇ ಆಡುತ್ತಿದ್ದಳು ಎಂದಳು. ರೊಟ್ಟಿ ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದೆ. ನನಗೆ ನಾನೇ ವಕೀಲಳಾದೆ. ಒಂದು ಬೆರಳಾದರೂ ಬಂತಲ್ಲ. ಎಷ್ಟೋ ನಳಿಕೆ ಬಿಗಿಯಾಗಿಯೇ ಬರುತ್ತವೆ. ಹಿಂದೆಯೂ ಹೀಗೇ ಅನಿಸಿ ಸುಳ್ಳಾಗಿರಲಿಲ್ಲವೇ. ನಾಳೆ ಬೆಳಿಗ್ಗೆ ಸಿಸ್ಟರ್ ಎಳೆದಾಗ ಸಲೀಸಾಗಿ ಬಂದರೆ ನನ್ನ ಬಾಯಿ ನನ್ನ ಕಾಗದ ಎರಡೂ ಉಳಿದವು. ಬರದಿದ್ದರೆ ಎಂಬ ಕಡೆಗೆ ಯೋಚನೆ ಹೋದಾಗಲೆಲ್ಲ ಎದ್ದು ನೀರು ಕುಡಿದು ಬರುತ್ತಿದ್ದೆ.

ಮಧ್ಯಾಹ್ನ ಶಂಕ್ರಮ್ಮನ ಗಂಟಲ ಕೊಳವೆ ತೆಗೆದಿದ್ದರು. ನನ್ನನ್ನು ಕಂಡು ಬೆರಳಲ್ಲಿ ಕರೆದಳು. ಸ್ವರ ಇನ್ನೂ ಒಡೆದಿತ್ತು. ಬಗ್ಗಿ ಕಿವಿ ಕೊಟ್ಟೆ.

"ಲಾಡಿ ಹೆಂಗೈತಿ?" ಎಂದಳು.

"ಛಲೋ ಐತ್ರಿ ಅಕ್ಕಾರ" ಎಂದೆ. ಒಂದು ಸುಳ್ಳು ಪರದೆಯ ಹಿಂದೆ ಹೇಳಿದ್ದೆ, ಇದನ್ನು ಮುಖ ನೋಡಿ ಹೇಳಿದೆ.

ಭಾನುವಾರ ನನಗೆ ರಜೆ. ಮಾಳಿಗೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಒಂದು ಲಂಗ ಹಿಂಡುವಾಗ ಅದರ ಲಾಡಿ ಕೈಗೆ ಬಂತು. ಸುಮ್ಮನೆ ಎಳೆದೆ. ಈ ಕಡೆಯಿಂದ ಆ ಕಡೆಗೆ ಸರಸರ ಓಡಿತು. ಅದು ಓಡಿದ ರೀತಿ ನೋಡಿದ ಮೇಲೆ ನನ್ನ ವಕೀಲಿಕೆ ಒಂದೂ ನಿಲ್ಲಲಿಲ್ಲ. ಬಂದದ್ದು ಹೀಗಿರುತ್ತದೆ, ಶುಕ್ರವಾರ ಬಂದಿರಲಿಲ್ಲ. ಕೈಯ ಸಾಬೂನು ಹಾಗೇ ಇತ್ತು, ಮೂರು ಅಂತಸ್ತು ಇಳಿದೆ.

ಐಸಿಯುನ ಸಿಸ್ಟರ್ ಲಲಿತಾ ಆಗಲೇ ಕೈಗವಸು ತೊಟ್ಟು, ಅಂಟುಪಟ್ಟಿ ಬಿಚ್ಚಿ, ಮುಚ್ಚಳ ಸಡಿಲಿಸಿ ಹಳದಿ ನಳಿಕೆಗೆ ಕೈ ಹಾಕಿದ್ದಳು.

"ಎಳೀಬ್ಯಾಡ್ರಿ. ಅದು ಬರಂಗಿಲ್ಲ" ಎಂದೆ.

ಯಾರು ಹೇಳಿದರು, ಎಕ್ಸ್‌ರೇ ಸರಿ ಇದೆಯಲ್ಲ ಎಂದು ಅವಳು ಹುಬ್ಬು ಗಂಟಿಕ್ಕಿದಳು. ಕೈ ಮಾತ್ರ ತೆಗೆದಳು, ಅದಕ್ಕೆ ಅವಳಿಗೆ ಇಂದಿಗೂ ಋಣಿ. ಶುಕ್ರವಾರ ಎಳೆದವಳು ನಾನೇ, ಹೊಲಿಗೆಯಲ್ಲಿ ಸಿಕ್ಕಿದೆ ಎಂದೆ. ಶಂಕ್ರಮ್ಮ ಆಗ ಮಂಪರಿನಲ್ಲಿದ್ದಳು, ಕೇಳಿಸಿತೋ ಇಲ್ಲವೋ. ಡ್ಯೂಟಿ ಡಾಕ್ಟರು ಹುಬ್ಬಳ್ಳಿಗೆ ಫೋನು ಹಚ್ಚಿ, ನೀವೇ ಹೇಳಿ ಎಂದು ನನ್ನ ಕೈಗೆ ಕೊಟ್ಟರು.

ಹೇಳಿದೆ. ಸರ್ಜನ್ ಕೇಳಿದರು: "ಬಂತು ಅಂದಿದ್ದೆಲ್ಲ ನೀ?"

"ಸುಳ್ಳು ಹೇಳಿದ್ದೆ ಸರ್."

ಯಾರೂ ಅದನ್ನು ಮುಟ್ಟಬೇಡಿ, ಬರುತ್ತೇನೆ ಎಂದು ಫೋನಿಟ್ಟರು. ಹುಬ್ಬಳ್ಳಿಯಿಂದ ಕಾರಿನಲ್ಲಿ ಮೂರು ತಾಸು. ಆ ಮೂರು ತಾಸು ನಾನು ಶಂಕ್ರಮ್ಮನ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ಯಾರೂ ಆ ನಳಿಕೆ ಮುಟ್ಟದಂತೆ ಕಾದು ಕೂತೆ. ಬೇಡವೆಂದರೂ ಏಳಲಿಲ್ಲ.

ಮತ್ತೆ ಎದೆ ತೆರೆದರು. ನಾನು ನನ್ನ ಜಾಗದಲ್ಲಿ ತಲೆಯ ಕಡೆ ನಿಂತಿದ್ದೆ. ಸರ್ಜನ್ ನನ್ನನ್ನು ಹೆಸರು ಹಿಡಿದು ಕರೆದು, ಈ ಕಡೆ ಬಂದು ನೋಡು ಎಂದರು. ಬೈಯಲಿಕ್ಕೆ ಕರೆಯುತ್ತಿದ್ದಾರೆ ಎಂದೇ ಹೋದೆ. ಮಿಡಿಯುವ ಹೃದಯದ ಮೇಲ್ಭಾಗದಲ್ಲಿ ಅವರು ಇಕ್ಕಳದ ತುದಿ ಇಟ್ಟು ತೋರಿಸಿದರು. ನೀಲಿ ದಾರದ ಒಂದು ಸುತ್ತು, ಅದರೊಳಗೆ ಹಳದಿ. ಮೇಡಂ ಆ ಕಡೆಯಿಂದ ನಳಿಕೆಯನ್ನು ತುಸುವೇ ಜಗ್ಗಿದರು. ಗೋಡೆ ಗುಳಿ ಬಿತ್ತು. ಅಷ್ಟು ತೆಳು ಗೋಡೆ, ನೆನೆಸಿದ ಹಪ್ಪಳದಂಥದ್ದು.

ಸರ್ಜನ್ ಎಲ್ಲರಿಗೂ ಕೇಳುವಂತೆ ಹೇಳಿದರು: "ಹೊಲಿದಾಂವ ನಾನು. ಅಕಿ ಎಳದಾಗ ನೋಡದ ನಿಂತಾಂವನೂ ನಾನ." ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಇದನ್ನು ಹೇಳಲು ನೀನು ಎರಡು ದಿನ ತಡ ಮಾಡಿದೆ ಎಂದರು. ಅಷ್ಟೇ. ಹೊಲಿಗೆ ಕತ್ತರಿಸಿದರು, ನಳಿಕೆ ಬಂತು, ಹೊಸ ಹೊಲಿಗೆ ಹಾಕಿದರು. ಶಂಕ್ರಮ್ಮ ಉಳಿದಳು.

ಸೋಮವಾರ ಆಡಳಿತಾಧಿಕಾರಿ ಕರೆಸಿದರು. ವಿಚಾರಣೆ, ದೂರು, ಇನ್ನೆಷ್ಟು ವರ್ಷವೋ ಎಂದು ಎಣಿಸುತ್ತ ಹೋದೆ. ಮೇಜಿನ ಮೇಲೆ ನನ್ನ ಅಂಕಪಟ್ಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ಸಿದ್ಧವಾಗಿದ್ದವು. ಒಳಗೆ ರಕ್ತ ನಿಂತಿತ್ತು, ಅದಕ್ಕೆ ಎರಡನೇ ಸಲ ತೆರೆಯಬೇಕಾಯಿತು ಎಂದು ಶಂಕ್ರಮ್ಮನ ಮನೆಯವರಿಗೆ ಹೇಳಿದ್ದೇವೆ, ಹಾಗೇ ಇರಲಿ, ನೀವು ಆ ಕಡೆ ಹೋಗಬೇಡಿ, ನಾಡಿದ್ದಿನೊಳಗೆ ಕೋಣೆ ಬಿಡಿ ಎಂದರು. ಮೂರು ವರ್ಷ ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನು ಬಾಯಿ ಮುಚ್ಚಿಕೊಳ್ಳಲೆಂದೇ ಕೈಗಿಟ್ಟರು. ಅಂದು ಸಂಜೆಯ ಬಸ್ಸು ಹತ್ತಿ ಮುನಿರಾಬಾದಿಗೆ ಹೋಗಬಹುದಿತ್ತು. ಚೀಲ ಎದೆಗವಚಿಕೊಂಡು ತಗಡಿನ ಕೋಣೆಯಲ್ಲೇ ಕೂತೆ. ಗೇಟು ತೆರೆದಿತ್ತು, ಕಾಲು ಏಳಲಿಲ್ಲ.

ಮಂಗಳವಾರ ಮಧ್ಯಾಹ್ನ ಲಲಿತಾ ಊಟಕ್ಕೆ ಹೋಗುವಾಗ, ಹತ್ತು ನಿಮಿಷ ಎಂದು ನನ್ನನ್ನು ಒಳಗೆ ಬಿಟ್ಟಳು. ಶಂಕ್ರಮ್ಮ ದಿಂಬಿಗೆ ಒರಗಿದ್ದಳು. ನಾನು ಸುತ್ತಿ ಬಳಸಲಿಲ್ಲ. ಒಳಗೆ ರಕ್ತ ನಿಂತಿರಲಿಲ್ಲ, ಹೊಲಿಯುವಾಗ ಲಾಡಿ ಸೂಜಿಗೆ ಸಿಕ್ಕಿತ್ತು ಎಂದೆ. ಅವಳಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕಾಗಲಿಲ್ಲ.

"ಹೊಲಿದ ಮ್ಯಾಲೆ ಎಳದು ನೋಡಲಿಲ್ಲೇನು?" ಎಂದಳು.

"ನೋಡಿದ್ನಿರಿ. ಬರಲಿಲ್ಲ. ಬಂತು ಅಂತ ಹೇಳಿದೆ."

ಹಾಸಿಗೆಯ ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು ಅದರ ಹೊಲಿಗೆಯನ್ನೇ ನೋಡುತ್ತಿದ್ದಳು. ಬೈದರೆ ಬೈಸಿಕೊಂಡು ಹೋಗೋಣ ಎಂದು ಕಾದೆ.

"ಯಾರ ಕೈಯಾಗಾದ್ರೂ ಸಿಗತೈತಿ ಲಾಡಿ" ಎಂದಳು ಕೊನೆಗೆ. "ನನ್ನ ಕೈಯಾಗ ಎಷ್ಟ ಸಲ ಸಿಕ್ಕೈತಿ. ಬಿಚ್ಚಿ ಮತ್ತ ಹೊಲೀತೀನಿ. ಬಿಚ್ಚಾಕ ನಾಚಿಕಿ ಏನವಾ?"

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಆಮೇಲೆ ತನ್ನ ಕುತ್ತಿಗೆ ತೋರಿಸಿದಳು. ಎರಡನೇ ಸಲ ತೆರೆದಾಗ ಅಲ್ಲಿ ಔಷಧಿಗೆಂದು ಬೇರೊಂದು ಸಣ್ಣ ನಳಿಕೆ ಹಾಕಿದ್ದರು. ನಾಳೆ ಇದನ್ನು ತೆಗೆಯುತ್ತಾರಂತೆ ಎಂದಳು.

"ನೀನ ಬಂದು ತಗೀಬೇಕು. ಬ್ಯಾರೆ ಯಾರ ಕೈಯಾಗೂ ನಾ ಕೊಡಂಗಿಲ್ಲ."

ನನಗೆ ಇಲ್ಲಿ ಕೆಲಸ ಮುಗಿಯಿತು ಎಂದೆ. ಅದು ನಿನ್ನ ಪಾಡು ಎಂದಳು. ಬುಧವಾರ ಹನ್ನೊಂದಕ್ಕೆ ಕೊಪ್ಪಳದಲ್ಲಿರಬೇಕು ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಈ ಹೆಂಗಸಿಗೆ ನಾನು ಹೇಳಬೇಕಾದ ಕಾರಣಗಳು ಮುಗಿದಿದ್ದವು.

ನಾನೇ ತೆಗೆಯಲು ಮೇಡಂ ಒಪ್ಪಿದರು. ಆದರೆ ಬುಧವಾರ ಅವರ ರೌಂಡ್ಸ್ ಮುಗಿದು ತೆಗೆಯಬಹುದು ಎಂದಾಗ ಗಂಟೆ ಹತ್ತೂವರೆ. ಕೊಪ್ಪಳಕ್ಕೆ ಒಂದು ತಾಸಿನ ಮೇಲೆ ದಾರಿ. ಆ ಪಟ್ಟಿಯಲ್ಲಿ ನನ್ನ ಕೆಳಗಿದ್ದವಳಿಗೆ ಹುದ್ದೆ ಹೋಯಿತು. ಅಪ್ಪ ಎರಡು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ, ಸರ್ಕಾರಿ ಕೆಲಸ ಮತ್ತೆ ಸಿಗಲು ಎರಡು ವರ್ಷ ಹಿಡಿಯಿತು. ಅದಕ್ಕೆ ನನಗೆ ಬೇಸರವಿಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ.

ಹಾಸಿಗೆ ಸಮ ಮಾಡಿಸಿ, ಕೈ ತೊಳೆದು, ಕೈಗವಸು ತೊಟ್ಟೆ. ಚರ್ಮಕ್ಕೆ ಹಾಕಿದ್ದ ಎರಡು ಹೊಲಿಗೆ ಕತ್ತರಿಸಿದೆ. ಉಸಿರು ಹಿಡಿಯಿರಿ ಎಂದೆ, ಶಂಕ್ರಮ್ಮ ಹಿಡಿದಳು. ಒಂದೇ ಹದದಲ್ಲಿ ಎಳೆದು ಗಾಯದ ಮೇಲೆ ಹತ್ತಿ ಒತ್ತಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಬಂತೇನು?"

ಒಂದು ಕೈಯಿಂದ ಹತ್ತಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಳಿಕೆಯನ್ನು ಬೆಳಕಿಗೆ ಎತ್ತಿದೆ. ಬುಡದಿಂದ ಅಳತೆಯ ಗೆರೆಗಳನ್ನು ಎಣಿಸಿದೆ, ತುದಿ ನೋಡಿದೆ, ತಿರುಗಿಸಿ ಇನ್ನೊಮ್ಮೆ ನೋಡಿದೆ.

"ಬಂತ್ರಿ ಅಕ್ಕಾರ. ತುದಿ ಸಮೇತ ಬಂತ್ರಿ."